ಡಬಲ್ ಹದಿನಾರು ಮತ್ತು ನನ್ನ ಬಾಯಿ

ಹೋದ ವಾರಕ್ಕೂ ಹಿಂದಿನ ಭಾನುವಾರ ಬೆಳಿಗ್ಗೆ ಜಕ್ಕೂರಿನ ಒಂದು ಪಾರ್ಟಿ ಹಾಲ್‌ನಲ್ಲಿ ನಾನು ಮೂರೇ ಮೂರು ಪದ ಮಾತಾಡಿದೆ. ಅಷ್ಟಕ್ಕೇ ಒಂದು ಟೀಮು ಟೂರ್ನಮೆಂಟಿನಿಂದ ಹೊರಗೆ ಹೋಯಿತು.

ಬೈದಿದ್ದಲ್ಲ. ಜಗಳ ಆಡಿದ್ದೂ ಅಲ್ಲ. ನಾನು ಮಾಡಿದ್ದು ಸಹಾಯ!

ಮೊದಲಿನಿಂದ ಹೇಳುತ್ತೇನೆ. (ಈ ಕಾಲಂ ಓದುವವರಿಗೆ ಗೊತ್ತು, ನನಗೆ ಮೊದಲಿನಿಂದ ಹೇಳುವ ತಾಳ್ಮೆ ಕಮ್ಮಿ. ಇವತ್ತು ಪ್ರಯತ್ನ ಮಾಡುತ್ತೇನೆ.)

ನಮ್ಮ ಯಲಹಂಕ, ಹೆಬ್ಬಾಳದ ಕಡೆ ಈಗ ಒಂದು ಡಾರ್ಟ್ಸ್ ಲೀಗ್ ನಡೆಯುತ್ತಿದೆ. ಗೋಡೆಗೆ ದುಂಡನೆಯ ಬೋರ್ಡ್ ನೇತುಹಾಕಿ ಪುಟ್ಟ ಬಾಣ ಎಸೆಯುತ್ತಾರಲ್ಲ, ಅದೇ. ಪ್ರೊಫೆಷನಲ್ ಲೀಗ್ ಅಂತ ಹೆಸರು. ಅಂದರೆ ಆಟಗಾರರಿಗೆ ಸಂಬಳ ಇದೆ, ಟೀ ಶರ್ಟಿನ ಬೆನ್ನ ಮೇಲೆ ಅವರ ಹೆಸರಿದೆ, ಹೆಸರಿನ ಕೆಳಗೆ ಸಿಮೆಂಟ್ ಅಂಗಡಿಯ ಜಾಹೀರಾತಿದೆ. ಎಂಟು ಟೀಮು. ಓನರ್‌ಗಳೆಲ್ಲ ಹಳೇ ಊರುಗಳ ಜಮೀನಿನವರು, ಈಗಿನ ಬಿಲ್ಡರ್‌ಗಳು. ಪ್ರತಿ ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ಮುಗಿಸಿ ಮ್ಯಾಚ್ ಶುರು.

ಇದರಲ್ಲಿ ರಿಟೈರ್ಡ್ ಗಣಿತದ ಟೀಚರ್ ಆದ ನನಗೇನು ಕೆಲಸ?

ಕಳೆಯುವ ಕೆಲಸ. ಆಟ ಶುರುವಾಗುವುದು ಐನೂರ ಒಂದರಿಂದ. ಮೂರು ಬಾಣ ಎಸೆದಾಗ ಬಂದ ಅಂಕವನ್ನು ಕಳೆಯುತ್ತಾ ಸೊನ್ನೆಗೆ ಇಳಿಸಬೇಕು. ಕೊನೆಯ ಬಾಣ ಬೋರ್ಡಿನ ಅಂಚಿನ ಸಣ್ಣ ಪಟ್ಟಿಗೇ ಬೀಳಬೇಕು. ಅದಕ್ಕೆ ಡಬಲ್ ಅನ್ನುತ್ತಾರೆ, ಅಲ್ಲಿ ಬಿದ್ದರೆ ಅಂಕ ಎರಡರಷ್ಟು. ಮೊದಲನೇ ಭಾನುವಾರ ಅಂಕ ಬರೆದಿಡುವ ಟ್ಯಾಬ್ ಕೈ ಕೊಟ್ಟು ಲೆಕ್ಕ ತಪ್ಪಿ ಎರಡು ಟೀಮಿನವರು ಕಾಲರ್ ಹಿಡಿದುಕೊಂಡರಂತೆ. ಮಾರನೇ ದಿನ ನಮ್ಮ ಪಕ್ಕದ ಸಿಂಗಾಪುರ ಅನ್ನುವ ಹಳ್ಳಿಯ ಮುನಿರಾಜಣ್ಣ ನುಗ್ಗೆಕಾಯಿಯ ಕಟ್ಟು ಹಿಡಿದು ವಿದ್ಯಾರಣ್ಯಪುರದ ನಮ್ಮ ಮನೆಗೆ ಬಂದರು. ಅವರ ಮಗ ನನ್ನ ಹಳೇ ಸ್ಟೂಡೆಂಟು. ಅವರ ಟೀಮಿನ ಹೆಸರು ಸಿಂಗಾಪುರ ಸ್ಟಾರ್ಸ್. (ಹೆಸರು ಕೇಳಿದ ನನ್ನ ನಾದಿನಿ, ವೀಸಾ ಯಾರು ಮಾಡಿಸ್ತಾರೆ ಅಂತ ವಿಚಾರಿಸಿದಳು.)

“ಮೇಡಮ್ಮೋರೆ, ಕಳ್ಯೋಕೆ ಒಬ್ರು ಬೇಕು. ನಮ್ ಉಡುಗ್ರಿಗೆಲ್ಲ ಫೋನ್ ಇಲ್ದೆ ಇಪ್ಪತ್ರಲ್ಲಿ ಏಳು ಕಳ್ಯೋಕೆ ಬರಾಕಿಲ್ಲ,” ಅಂದರು.

ಹೀಗೆ ನಾನು ಮಾರ್ಕರ್ ಆದೆ. ಬೋರ್ಡಿನ ಪಕ್ಕದಲ್ಲಿ ಕರಿಹಲಗೆ, ಕೈಯಲ್ಲಿ ಚಾಕ್‌ಪೀಸು. ಖುಷಿಯಾಗಿಬಿಟ್ಟಿತು, ಸುಳ್ಳೇಕೆ ಹೇಳಲಿ?

ಮಾರ್ಕರ್‌ಗೆ ಒಂದು ರೂಲಿದೆ. ಎಷ್ಟು ಬಾಕಿ ಅಂತ ಆಟಗಾರ ಕೇಳಿದರೆ ಹೇಳಬಹುದು. ಎಲ್ಲಿಗೆ ಹೊಡೆಯಬೇಕು ಅಂತ ಮಾತ್ರ ಹೇಳುವ ಹಾಗಿಲ್ಲ. ಹೇಳಿದರೆ ಆಟಗಾರನ ಆ ಸರದಿಯ ಮೂರೂ ಬಾಣ ರದ್ದು. ಇದನ್ನು ಮೊದಲು ಕೇಳಿದಾಗ ನನಗೆ ನಗು ಬಂತು. ನಾನ್ಯಾಕೆ ಹೇಳಲಿ? ನನಗೆ ಡಾರ್ಟ್ಸ್ ಏನು ಗೊತ್ತು?

ಬಸವರಾಜ್ ಸಿಂಗಾಪುರ ಸ್ಟಾರ್ಸ್‌ನ ಆಟಗಾರ. ಗದಗದ ಕಡೆಯವರು, ನಲವತ್ತರ ಆಸುಪಾಸು. ಯಲಹಂಕದ ಹತ್ತಿರ ಒಂದು ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಹೆರೆಯುವ ಕೈ ಅದು. ನಾಲ್ಕನೇ ಭಾನುವಾರದವರೆಗೆ ಅವರು ಎಸೆದದ್ದನ್ನು ನೋಡಬೇಕಿತ್ತು! ಮಾತಿಲ್ಲ, ಕುಣಿತವಿಲ್ಲ. ಗೆರೆಯ ಮೇಲೆ ನಿಲ್ಲುವುದು, ಕೈ ಎತ್ತುವುದು, ಬಿಡುವುದು.

ಐದನೇ ಭಾನುವಾರ ಕೈ ಎತ್ತಿದರು. ಬಿಡಲೇ ಇಲ್ಲ.

ನಾವೆಲ್ಲ ಗುರಿ ನೋಡುತ್ತಿದ್ದಾರೆ ಅಂದುಕೊಂಡೆವು. ಎಷ್ಟು ಹೊತ್ತು? ಕೈ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಬಾಣ ಬೆರಳಿನಲ್ಲೇ ಇದೆ. ಹಣೆಯ ಮೇಲೆ ಬೆವರು. ಕೊನೆಗೆ ಹೇಗೋ ಕೊಡವಿದರು, ಅದು ನೆಲಕ್ಕೆ ಬಿತ್ತು. ಯಾರೋ ನಕ್ಕರು. ಇನ್ಯಾರೋ ವಿಡಿಯೋ ಮಾಡಿದರು. ಸಂಜೆಯೊಳಗೆ ಅದು ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೂ ಬಂತು, ಕೆಳಗೆ ನಗುವ ಮುಖಗಳ ಸಾಲು.

ಇದು ಡಾರ್ಟ್ಸ್ ಆಡುವವರಿಗೆ ಬರುವ ಕಾಯಿಲೆಯಂತೆ. ಕೈಯಲ್ಲಿ ದೋಷವಿಲ್ಲ, ಕೈ ಬಿಡಲು ಒಪ್ಪುವುದಿಲ್ಲ, ಅಷ್ಟೆ. ಬಸವರಾಜ್‌ಗೆ ಅದು ಡಬಲ್ ಹೊಡೆಯುವಾಗ ಮಾತ್ರ. ಅಂದರೆ ಗೆಲ್ಲುವ ಬಾಣಕ್ಕೆ ಮಾತ್ರ.

ಆಮೇಲೆ ಶುರುವಾಯಿತು ನೋಡಿ, ಸಲಹೆಗಳ ಸುರಿಮಳೆ. ಮುನಿರಾಜಣ್ಣ ದೃಷ್ಟಿ ತೆಗೆಸಿದರು, ತೋಳಿಗೆ ತಾಯತ ಕಟ್ಟಿಸಿದರು. ಅವರ ಮಗ ಒಬ್ಬ ಮೋಟಿವೇಷನ್ ಸ್ಪೀಕರ್‌ನನ್ನು ಝೂಮ್‌ನಲ್ಲಿ ಕೂರಿಸಿದ. ಇಡ್ಲಿ ಬಡಿಸುವವರು ಎಡಗೈಯಲ್ಲಿ ಎಸೀರಿ ಅಂದರು. ಎದುರು ಟೀಮಿನವರು ಪ್ರಾಣಾಯಾಮ ಹೇಳಿಕೊಟ್ಟರು. ನಾನು ಸುಮ್ಮನಿದ್ದೆನೇ? ಬಿಡುವಾಗ ಒಂದು, ಎರಡು, ಮೂರು ಎಣಿಸಿ ಅಂದೆ.

ಅವರು ಎಲ್ಲರಿಗೂ “ಹೂಂರಿ” ಅಂದರು. ಒಂದು ದಿನ ನಾನು ಹಲಗೆ ಒರೆಸುವಾಗ ಹತ್ತಿರ ಬಂದು ನಿಂತರು. ಅವರ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರಂತೆ, ನನಗೂ ಹಾಗೇ ಅನ್ನುತ್ತಿದ್ದರು.

“ಅಕ್ಕೋರ, ಎಲ್ಲಾರೂ ಒಂದೊಂದ್ ಹೇಳ್ತಾರ. ಕೈ ಮ್ಯಾಲ ಹೋತಂದ್ರ ಅವ್ರೆಲ್ಲಾರ ಮಾತು ತಲ್ಯಾಗ ಬರ್ತಾವ. ಬೆರಳು ಬಿಡವಲ್ವು ನೋಡ್ರಿ.”

“ಸರಿ ಹೋಗತ್ತೆ ಬಸವರಾಜ್. ಸೆಮಿಫೈನಲ್ ಗೆದ್ದುಬಿಡಿ, ಆಮೇಲೆ...”

“ಗೆಲ್ಲೂದು ಆಮ್ಯಾಲ ಇರ್ಲ್ರಿ,” ಅಂದರು. “ಒಂದ್ ಸಲ, ಯಾರೂ ಏನೂ ಅನ್ನಲಾರದಂಗ, ನಾನಾಗೇ ಬಿಟ್ರ ಸಾಕು.”

ಗಮನಿಸಿ. ಅಲ್ಲೂ ಅವರ ಮಾತು ಮುಗಿಯುವ ಮೊದಲೇ ನಾನು ಸಮಾಧಾನ ಹೇಳಲು ಹೊರಟಿದ್ದೆ.

ಸೆಮಿಫೈನಲ್ ಬಂತು. ಮುನಿರಾಜಣ್ಣ ಮೊದಲೇ ಹೇಳಿಬಿಟ್ಟಿದ್ದರು, ಬಸವರಾಜ್ ಕೈ ಸರಿಹೋದರೆ ಮುಂದಿನ ಸೀಸನ್ನಿಗೂ ಅವರೇ, ಇಲ್ಲದಿದ್ದರೆ ಬೇರೆಯವರು. ಹೆಬ್ಬಾಳದ ಟೀಮಿನ ಎದುರು ಸಮ ಸಮ ಬಂದು ಕೊನೆಯ ಆಟಕ್ಕೆ ನಿಂತಿತು. ಎದುರಾಳಿಗೆ ನಲವತ್ತು ಬಾಕಿ, ಬಸವರಾಜ್‌ಗೆ ತೊಂಬತ್ತೆರಡು. ಸರದಿ ಬಸವರಾಜ್ ಅವರದು.

ಮೊದಲ ಬಾಣ ನೇರ ಟ್ರಿಪಲ್ ಇಪ್ಪತ್ತಕ್ಕೆ. ಅರವತ್ತು ಹೋಯಿತು, ಉಳಿದದ್ದು ಮೂವತ್ತೆರಡು. ಎರಡನೆಯದನ್ನು ಒದ್ದಾಡಿಕೊಂಡು ಬಿಟ್ಟರು, ಡಬಲ್ ಪಟ್ಟಿಯ ತಂತಿಯ ಹೊರಗೆ ಬಿತ್ತು, ಅಂಕವಿಲ್ಲ. ಮೂರನೆಯದಕ್ಕೆ ಕೈ ಎತ್ತಿದರು.

ಕೈ ನಿಂತಿತು.

ಮೇಲೆ ಜಕ್ಕೂರಿನ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಗೊರಗೊರ ಅಂತ ಸುತ್ತುತ್ತಿತ್ತು. ನನ್ನ ಕಾಲ್ಬೆರಳು ಚಪ್ಪಲಿಯೊಳಗೆ ಕುಣಿಯತೊಡಗಿತು. ಅಂಗೈ ಬೆವರಿತು, ಚಾಕ್‌ಪೀಸ್ ಒದ್ದೆಯಾಯಿತು. ಬಿಡಪ್ಪಾ. ಬಿಡೋ. ನನ್ನ ಕಣ್ಣಿಗೆ ಕಂಡದ್ದು ಬೋರ್ಡಿನ ಮುಂದೆ ಬೆಪ್ಪಾಗಿ ನಿಂತ ಆರನೇ ಕ್ಲಾಸಿನ ಹುಡುಗ, ನನ್ನ ಕೈಯಲ್ಲಿದ್ದದ್ದು ಚಾಕ್‌ಪೀಸು. ಮೂವತ್ತು ವರ್ಷದ ಅಭ್ಯಾಸ ಬಾಯಿಂದ ಹಾರಿಬಿಟ್ಟಿತು.

“ಡಬಲ್ ಹದಿನಾರು ಹೊಡಿಯೋ!”

ಬಾಣ ಹೋಯಿತು. ಡಬಲ್ ಹದಿನಾರರ ನಟ್ಟನಡುವೆ ಚುಚ್ಚಿ ನಿಂತಿತು.

ಒಂದು ಕ್ಷಣ ಹಾಲ್ ಕುಣಿಯಿತು. ಮರುಕ್ಷಣ ಹೆಬ್ಬಾಳದವರು ಎದ್ದು ನಿಂತರು. ರೆಫರಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸರದಿ ರದ್ದು. ಬಸವರಾಜ್ ಲೆಕ್ಕ ಮತ್ತೆ ತೊಂಬತ್ತೆರಡು. ಎದುರಾಳಿ ಬಂದು ಒಂದೇ ಬಾಣದಲ್ಲಿ ಡಬಲ್ ಇಪ್ಪತ್ತು ಹೊಡೆದು ಟೀ ಕುಡಿಯಲು ಹೋದ.

ತಪ್ಪು ನನ್ನದು, ಶಿಕ್ಷೆ ಅವರಿಗೆ. ಎಂಥ ರೂಲ್ ಸ್ವಾಮಿ ಇದು ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ. ಅಪ್ಪ ಅಮ್ಮ ಮಾಡಿಕೊಟ್ಟ ಹೋಮ್‌ವರ್ಕಿಗೆ ನಾನೂ ಮಕ್ಕಳಿಗೇ ಸೊನ್ನೆ ಕೊಟ್ಟವಳು.

“ಏನ್ ಮೇಡಮ್ಮೋರೆ, ಇಂಗ್ ಮಾಡ್ಬುಟ್ರಿ!” ಅಂದರು ಮುನಿರಾಜಣ್ಣ. ಬೈದಿದ್ದರೆ ಚೆನ್ನಾಗಿತ್ತು.

ಮೂವತ್ತೆರಡಕ್ಕೆ ಡಬಲ್ ಹದಿನಾರು ಅನ್ನುವುದು ಬಸವರಾಜ್‌ಗೆ ಗೊತ್ತಿರಲಿಲ್ಲವೇ? ಡಾರ್ಟ್ಸ್ ಆಡುವ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಗೊತ್ತಿದ್ದವರಿಗೆ ಗೊತ್ತಿದ್ದದ್ದನ್ನೇ ಹೇಳಿದೆ, ಅದೂ ನಲವತ್ತರ ಗಂಡಸಿಗೆ ಏಕವಚನದಲ್ಲಿ. ಹಾಗಾದರೆ ಆ ಮಾತು ಅವರಿಗಾಗಿ ಆಡಿದ್ದೋ, ನನ್ನ ಚಡಪಡಿಕೆ ತಡೆಯಲಾಗದೆ ಆಡಿದ್ದೋ?

ಅವತ್ತು ಮನೆಗೆ ಬರುವಾಗ ಸಿಗ್ನಲ್‌ನಲ್ಲಿ ಇನ್ನೂ ಕೆಂಪು ದೀಪವಿತ್ತು, ಹಿಂದಿನಿಂದ ಹಾರ್ನ್ ಶುರು. ಅವರಿಗೇನು, ನಮಗೆ ಬಣ್ಣ ಕಾಣುವುದಿಲ್ಲ ಅಂತಲೇ? ನಮ್ಮ ಲಿಫ್ಟಿನಲ್ಲಿ ಒತ್ತಿದ ಬಟನ್ನನ್ನೇ ಮತ್ತೆ ಒತ್ತುವವರಿದ್ದಾರೆ. ಡಾಕ್ಟರು ಮಗುವನ್ನು ಹೊಟ್ಟೆನೋವು ಎಲ್ಲಿ ಪುಟ್ಟಾ ಅಂತ ಕೇಳಿದರೆ ಅಮ್ಮ ಉತ್ತರ ಹೇಳುತ್ತಾಳೆ. ಫೋನಂತೂ ನಾನು ‘ನಾ’ ಅಂತ ಒತ್ತುವಷ್ಟರಲ್ಲಿ ನಾಳೆ, ನಾನು, ನಾಯಿ ಅಂತ ಮೂರು ಪದ ಮುಂದಿಟ್ಟು ಕಾಯುತ್ತದೆ. ಎಲ್ಲರಿಗೂ ಅಷ್ಟೊಂದು ಅವಸರ ಯಾವುದಕ್ಕೆ?

ಊಟಕ್ಕೆ ಕೂತಾಗ ಯಜಮಾನರು, “ಈ ಸಾರಿಗೆ ಸ್ವಲ್ಪ...” ಅಂದರು.

“ಉಪ್ಪು ಕಮ್ಮಿ, ಗೊತ್ತು,” ಅಂದೆ.

ಅವರು ಚಮಚ ಕೆಳಗಿಟ್ಟರು. “ಸ್ವಲ್ಪ ಇಂಗು ಜಾಸ್ತಿ ಬಿದ್ದಿದೆ, ಚೆನ್ನಾಗಿದೆ ಅನ್ನೋಣ ಅಂತಿದ್ದೆ ಕಣೇ.”

ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಎಷ್ಟು ಹೊಗಳಿಕೆಯನ್ನು ನಾನು ದೂರು ಮಾಡಿ ಮುಗಿಸಿದ್ದೇನೋ! ಆಮೇಲೆ ಕ್ಲಾಸಿನ ನೆನಪು ಬಂತು. ಐವತ್ತಾರನ್ನು ಏಳರಿಂದ ಭಾಗಿಸು ಅಂದರೆ ಹುಡುಗಿ ಮೇಲೆ ನೋಡುತ್ತಾಳೆ, ತುಟಿ ಅಲ್ಲಾಡುತ್ತದೆ. ನಾನು “ಎಂಟು” ಅಂದುಬಿಡುತ್ತಿದ್ದೆ. ಮುಂದಿನ ಲೆಕ್ಕಕ್ಕೆ ಹೋಗಬೇಕಲ್ಲ? ಅವಳ ನಾಲಗೆಯ ತುದಿಗೆ ಎಂಟು ಬಂದಿತ್ತೋ ಏನೋ. ನಾಚಿಕೆಯಾಯಿತು. ಊಟ ಸೇರಲಿಲ್ಲ.

ಬುಧವಾರ ಧೈರ್ಯ ಮಾಡಿ ಬಸವರಾಜ್‌ಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ.

“ಸಿಟ್ಟಿಲ್ರಿ ಅಕ್ಕೋರ. ಮ್ಯಾಚ್ ಹೋದ್ರ ಹೋಗ್ಲಿ,” ಅಂದರು. ಸುಮ್ಮನಾದರು. ನನಗೆ ನಡುವೆ ಏನಾದರೂ ಹೇಳಬೇಕು ಅನಿಸಿತು. ಸೆರಗಿನ ಚುಂಗು ಕಚ್ಚಿ ಹಿಡಿದೆ. ಅವರೇ ಮುಂದುವರಿಸಿದರು. “ಒಂದ ವಿಚಾರ ತಲಿ ತಿನ್ನಾಕತ್ತೇತಿ. ಆ ಡಾರ್ಟ್ ನಾ ಬಿಟ್ನೋ, ನೀವು ಬಿಡಿಸಿದ್ರೋ?”

ಗೆಲುವನ್ನಾದರೆ ಇನ್ನೊಂದು ಸೀಸನ್‌ನಲ್ಲಿ ವಾಪಸ್ ಕೊಡಬಹುದಿತ್ತು. ಅವರು ಕೇಳಿದ್ದ ಒಂದೇ ಒಂದು ಸಲವನ್ನು ನಾನು ಕಿತ್ತುಕೊಂಡಿದ್ದೆ.

ಬಸವರಾಜ್‌ಗೆ ಇನ್ನೊಂದು ಅವಕಾಶ ಕೊಡಿ ಅಂತ ಮುನಿರಾಜಣ್ಣನ ಕೈಕಾಲು ಹಿಡಿದೆ, ಬೇಕಾದರೆ ಹಾಗೇ ಅನ್ನಿ. ಕೈ ಸರಿಹೋಯಿತು ಅನ್ನಬೇಕೋ ಬೇಡವೋ ಅಂತ ಅವರೂ ಗೊಂದಲದಲ್ಲೇ ಇದ್ದರು. “ಆಯ್ತು, ಒಂದ್ ಟ್ರಯಲ್ ಇಕ್ತೀನಿ. ಒಂದೇ ಡಾರ್ಟು. ಬಿದ್ದಲ್ ಬೀಳ್ಲಿ, ಕೈ ಬಿಟ್ರೆ ಟೀಮಲ್ಲಿರ್ಲಿ. ಬಿಡ್ದಿದ್ರೆ ನಾನೂ ಏನ್ ಮಾಡಕಾಯ್ತದೆ?”

ಬಸವರಾಜ್ ಒಂದು ಷರತ್ತು ಹಾಕಿದರು. ಮಾರ್ಕರ್ ನಾನೇ ಆಗಬೇಕು. “ಅಕ್ಕೋರು ಬಾಜೂಕ ನಿಂತು ಸುಮ್ನಿದ್ದಾಗ ಬಿಟ್ರ, ಅದು ನಾ ಬಿಟ್ಟಿದ್ದು.”

ಮೊನ್ನೆ ಭಾನುವಾರ ಬೆಳಿಗ್ಗೆ, ಫೈನಲ್‌ಗೆ ಜನ ಸೇರುವ ಮೊದಲೇ, ಅದೇ ಹಾಲ್. ಖಾಲಿ ಕುರ್ಚಿಗಳು, ನಾವು ಮೂವರು. ಹಲಗೆಯ ಮೇಲೆ ನಾನು ಮೂವತ್ತೆರಡು ಅಂತ ಬರೆದೆ. ಬಸವರಾಜ್ ಗೆರೆಯ ಮೇಲೆ ನಿಂತರು. ತೋಳಿನಲ್ಲಿ ತಾಯತ ಇರಲಿಲ್ಲ. ಕೈ ಎತ್ತಿದರು.

ಕೈ ನಿಂತಿತು.

ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ. ಆ ಹೊತ್ತಿನಲ್ಲಿ ಒಂದು ಮಗ್ಗಿ ಪೂರ್ತಿ ಹೇಳಿಕೊಂಡೆ, ಮನಸ್ಸಿನಲ್ಲೇ. ಹದಿನಾರರ ಮಗ್ಗಿ. ಅವರ ಕೈ ಮುಂದೆ ಹೋಯಿತು, ಹಿಂದೆ ಬಂತು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಮುನಿರಾಜಣ್ಣ ಬಾಯಿ ತೆರೆದರು. ನಾನು ಸ್ಕೂಲಿನ ಕಣ್ಣು ಬಿಟ್ಟೆ. ಅವರು ಬಾಯಿ ಮುಚ್ಚಿದರು. ಗಂಟಲಿಗೆ ಬಂದ ಮೂರು ಪದವನ್ನು ನಾನು ನುಂಗಿದೆ, ಅದು ಮತ್ತೆ ಬಂತು, ಮತ್ತೆ ನುಂಗಿದೆ. ಕೈಯಲ್ಲಿದ್ದ ಚಾಕ್‌ಪೀಸ್ ಪುಡಿಯಾಗಿ ಸೀರೆಯ ಮೇಲೆಲ್ಲ ಸುರಿಯಿತು. ಸಹಾಯ ಮಾಡದೆ ನಿಲ್ಲುವುದು ಇಷ್ಟು ಕಷ್ಟದ ಕೆಲಸ ಅಂತ ಯಾರೂ ನನಗೆ ಹೇಳಿರಲಿಲ್ಲ.

ಬೆರಳು ಬಿಟ್ಟಿತು.

ಠಕ್ ಅಂತ ಸದ್ದಾಯಿತು. ಬಸವರಾಜ್ ಬೋರ್ಡ್ ನೋಡಲಿಲ್ಲ. ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಅಲ್ಲೇ ಒಂದು ಕುರ್ಚಿ ಎಳೆದು ಕೂತು ಜೋರಾಗಿ ನಕ್ಕರು, ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಮುಖವೆಲ್ಲ ಚಾಕ್‌ಪೀಸ್ ಪುಡಿ.

ಬಾಣ ಎಲ್ಲಿ ಬಿತ್ತು ಅಂತೀರಾ? ಅವಸರ ಬೇಡ, ಅದನ್ನು ಅವರೇ ಹೇಳಲಿ ಬಿಡಿ.