ಕೆಳಬಾಣದ ಕೀಲಿಯೊಳಗೆ ಒಂದು ಅಕ್ಷತೆ ಕಾಳು

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಮಾಡುವ ಕಾರ್ಖಾನೆಯೊಂದಿತ್ತು. ಅದರ ಸ್ಟೋರ್ಸಿನ ಹೆಡ್ ಕ್ಲಾರ್ಕ್ ಸತ್ಯಮೂರ್ತಿಗಳಿಗೆ ನಿರ್ಜೀವ ವಸ್ತುಗಳ ಮೇಲಿದ್ದ ಗೌರವ ಜೀವ ಇರುವ ಮನುಷ್ಯರ ಮೇಲೂ ಅಷ್ಟೇ ಇದ್ದಿದ್ದರೆ ಈ ಕತೆಗೆ ಅವಕಾಶವೇ ಇರುತ್ತಿರಲಿಲ್ಲ. ಮೈಸೂರು ಬಿಟ್ಟು ಸಯನ್ನಿನಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷವಾದರೂ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಯಾರದಾದರೂ ಛತ್ರಿಗೆ ಕಾಲು ತಾಗಿದರೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಛತ್ರಿಯ ಒಡೆಯನ ಕಾಲು ತುಳಿದದ್ದು ಮಾತ್ರ ಅವರ ಗಮನಕ್ಕೆ ಬರುತ್ತಿರಲಿಲ್ಲ.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಬೇರೆ ಕೋಣೆ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ತಂಪು, ಮೌನ, ನಡುವೆ ಮಿನುಗುವ ಹಸಿರು ಬೆಳಕು. ಗರ್ಭಗುಡಿಗೆ ಬೇಕಾದ್ದೆಲ್ಲ ಇತ್ತು, ಘಂಟೆಯೊಂದು ಬಿಟ್ಟು. ಅರ್ಚಕಿಯಾಗಿ ನೇಮಕವಾದವಳು ಸೇವಂತಿ. ಬಿಜಾಪುರದ ಕಡೆಯ ಹುಡುಗಿ. ತಾಯಿ ಮಲ್ಲಕ್ಕ ಮಲಾಡಿನ ಹೊಸ ಬಿಲ್ಡಿಂಗುಗಳಲ್ಲಿ ಸಿಮೆಂಟ್ ಬುಟ್ಟಿ ಹೊತ್ತು ಮಗಳನ್ನು ಟೈಪಿಂಗ್ ಕ್ಲಾಸಿಗೆ ಕಳಿಸಿದ್ದಳು. ಸೇವಂತಿಯ ಅರ್ಜಿಯನ್ನು ಮ್ಯಾನೇಜರ್ ಪಿಂಟೋ ಅವರ ಮೇಜಿಗೆ ಮುಟ್ಟಿಸಿದವರು ಸತ್ಯಮೂರ್ತಿಗಳೇ. ಸದ್ಯಕ್ಕೆ ಅವಳದು ಪರೀಕ್ಷೆಯ ನೌಕರಿ. ದಸರಾ ತಿಂಗಳ ಸ್ಟಾಕ್ ಪಟ್ಟಿ ಕಂಪ್ಯೂಟರಿನಿಂದ ಸರಿಯಾಗಿ ಹೊರಬಂದರೆ ಕೆಲಸ ಖಾಯಂ. ಇಲ್ಲದಿದ್ದರೆ ಅವಳು ಮೊದಲಿದ್ದ ಪ್ಯಾಕಿಂಗ್ ವಿಭಾಗಕ್ಕೆ, ರಬ್ಬರ್ ವಾಸನೆಯ ನಡುವೆ, ನಿಂತುಕೊಂಡು ಮಾಡುವ ಕೆಲಸಕ್ಕೆ.

ಆಯುಧಪೂಜೆಯ ದಿನ ಪ್ರೆಸ್ಸು, ಕಟಿಂಗ್ ಮೆಷಿನ್ನು, ತಕ್ಕಡಿ, ಕಡೆಗೆ ವಾಚ್‌ಮನ್‌ನ ಲಾಠಿಗೂ ಚೆಂಡುಹೂವು ಕುಂಕುಮ ಸಂದವು. ಪಿಂಟೋ ಎಲ್ಲ ಕಡೆಯೂ ಭಕ್ತಿಯಿಂದ ಕೈಮುಗಿದರು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಮಾತ್ರ ಅಡ್ಡ ನಿಂತು, ಇಲ್ಲಿ ಹೂವಿಲ್ಲ, ಊದುಬತ್ತಿಯಿಲ್ಲ, ಧೂಳು ಈ ಯಂತ್ರದ ಶತ್ರು ಎಂದುಬಿಟ್ಟರು. ಸತ್ಯಮೂರ್ತಿಗಳಿಗೆ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ ಒಬ್ಬರ ಎಲೆ ಖಾಲಿ ಬಿಟ್ಟಂತೆ ಅನ್ನಿಸಿತು. ಊಟದ ಹೊತ್ತಿಗೆ ಸೇವಂತಿ ಡಬ್ಬಿ ಹಿಡಿದು ಹೊರಗೆ ಹೋದದ್ದೇ ಒಳಗೆ ನುಗ್ಗಿ, ಹೆಂಡತಿ ವಿಮಲಾ ಬೆಳಿಗ್ಗೆ ಕಲಸಿ ಕೊಟ್ಟಿದ್ದ ಒದ್ದೆ ಅಕ್ಷತೆಯನ್ನು ಜೇಬಿನ ಪೊಟ್ಟಣದಿಂದ ತೆಗೆದು ಕೀಬೋರ್ಡಿನ ಮೇಲೆ ಹಾಕಿದರು. ಅಕ್ಷರಗಳಿರುವ ಕಡೆ ಅಕ್ಷತೆ, ತಪ್ಪೇನು? ಆಮೇಲೆ ಕಾಳುಗಳನ್ನೆಲ್ಲ ಆಯ್ದುಕೊಂಡರು. ಎಲ್ಲವನ್ನೂ ಎಂದೇ ಅವರ ನಂಬಿಕೆ.

ಹಬ್ಬದ ರಜೆ ಮುಗಿದು ಸೇವಂತಿ ಯಂತ್ರ ಹಚ್ಚಿದಾಗ ಪಟ್ಟಿ ತನ್ನಷ್ಟಕ್ಕೆ ತಾನೇ ಓಡತೊಡಗಿತು. ಒಂದು ಸಾಲು ಕೆಳಗಿಳಿಯಲೆಂದು ಬಾಣದ ಕೀಲಿ ಒತ್ತಿದರೆ ಗ್ಯಾಸ್ಕೆಟ್ಟುಗಳೆಲ್ಲ ಸರಸರನೆ ಮೇಲಕ್ಕೆ ಹತ್ತಿ ಮಾಯ. ಪರದೆಯ ತುಂಬ ಖಾಲಿ ಮನೆಗಳು, ಅವುಗಳ ಕೆಳಗೆ ಮತ್ತಷ್ಟು ಖಾಲಿ ಮನೆಗಳು. ಕೈ ತೆಗೆದರೂ ಅದರ ಉರುಳುಸೇವೆ ನಿಲ್ಲಲೊಲ್ಲದು. ಮೇಲಕ್ಕೆ ತಂದರೆ ಮತ್ತೆ ಕೆಳಕ್ಕೆ. ಯಂತ್ರ ಆರಿಸಿ ಹಚ್ಚಿದರು, ಫ್ಲಾಪಿ ಬದಲಿಸಿದರು. ಕಂಪ್ಯೂಟರ್ ಕಂಪನಿಯ ಎಂಜಿನಿಯರು ಫೋನಿನಲ್ಲಿ ಸ್ಕ್ರೋಲ್ ಲಾಕ್ ದೀಪ ಉರಿಯುತ್ತಿದೆಯೇ ನೋಡಿ ಎಂದ. ಉರಿಯುತ್ತಿರಲಿಲ್ಲ. ಇರಲಿ ಎಂದು ಪಿಂಟೋ ಆ ಕೀಲಿ ಒತ್ತಿದರು. ದೀಪ ಹತ್ತಿತು, ಓಟ ಮಾತ್ರ ನಿಲ್ಲಲಿಲ್ಲ.

“ಏನು ಒತ್ತಿದೆ ನೀನು?” ಎಂದು ಪಿಂಟೋ ಸೇವಂತಿಯನ್ನು ಕೇಳಿದರು. ಒತ್ತಬೇಕಾದ್ದನ್ನೇ ಒತ್ತಿದೆ ಎಂದಳು ಅವಳು, ತನ್ನ ಅರೆಬರೆ ಇಂಗ್ಲಿಷಿನಲ್ಲಿ. ಆ ಇಂಗ್ಲಿಷೇ ಅಪರಾಧದ ಸಾಕ್ಷಿಯಂತೆ ಕೇಳಿಸಿತು.

ಬಾಗಿಲ ಬಳಿ ನಿಂತಿದ್ದ ಸತ್ಯಮೂರ್ತಿಗಳು ಕೆಳಬಾಣದ ಕೀಲಿಯ ಸಂದಿಯಲ್ಲಿ ಹಳದಿಯಾದ ಏನನ್ನೋ ಕಂಡರು. ಅಥವಾ ಕಂಡಂತಾಯಿತು. ಕಾಣದಿದ್ದರೂ ಗೊತ್ತಿತ್ತು. ಆಗಲೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ಮರುದಿನ ವಿಮಲಾಳ ಹೇರ್‌ಪಿನ್ ತಂದು, ಯಾರೂ ಇಲ್ಲದಾಗ ಕಾಳನ್ನು ಮೀಟಿ ತೆಗೆಯಲು ಹೋಗಿ ಇನ್ನೂ ಆಳಕ್ಕೆ ನೂಕಿದರು. ಅಷ್ಟು ಹೊತ್ತು ಆಗಾಗ ಕಚ್ಚಿಕೊಳ್ಳುತ್ತಿದ್ದ ಕೀಲಿ ಈಗ ಒತ್ತಿದಲ್ಲೇ ಕೂತುಬಿಟ್ಟಿತು.

ಎಂಜಿನಿಯರು ಮಧ್ಯಾಹ್ನ ಬಂದ. ಕೀಬೋರ್ಡನ್ನು ಮಗುವಿನ ಹಾಗೆ ಬೋರಲು ಹಾಕಿ ಬೆನ್ನು ತಟ್ಟಿದ, ಕೀಲಿಯ ಟೋಪಿ ಕಿತ್ತ, ಇನ್ನೊಮ್ಮೆ ತಟ್ಟಿದ. ಪಿಂಟೋ ಹಿಡಿದಿದ್ದ ಬಿಳಿ ಕರವಸ್ತ್ರದ ಮೇಲೆ ಹಳದಿ ಕಾಳೊಂದು ಬಿತ್ತು.

“ಪುಲಾವ್,” ಎಂದರು ಪಿಂಟೋ, ಬಹಳ ಬೇಸರದಿಂದ. “ಇಲ್ಲಿ ಕೂತು ಊಟ ಮಾಡ್ತೀಯಾ, ಸೇವಂತಿ?”

ಸೇವಂತಿ ತಿರುಗಿ ಸತ್ಯಮೂರ್ತಿಗಳನ್ನು ನೋಡಿದಳು. “ನೀವರ ಹೇಳ್ರೀ ಕಾಕಾ, ನನ್ನ ಡಬ್ಬ್ಯಾಗ ಏನಿರ್ತದ ಅಂತ.”

ದಿನವೂ ಅವಳ ಎದುರು ಕೂತು ಉಣ್ಣುವವರು ಅವರು. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅನ್ನದ ಅಗುಳು ಆ ಡಬ್ಬಿಯಲ್ಲಿ ಎಂದೂ ಇರಲಿಲ್ಲ. “ರೊಟ್ಟಿ ತರ್ತಾಳೆ ಸರ್,” ಎಂದರು ಸತ್ಯಮೂರ್ತಿ. ಮಾತು ಅಷ್ಟಕ್ಕೇ ನಿಂತಿತು. ಅರ್ಧ ಸತ್ಯದ ಬಾಗಿಲು ತೆರೆದು, ಉಳಿದರ್ಧವನ್ನು ಒಳಗೇ ಕೂಡಿಹಾಕಿ ನಿಂತರು. ಹೆಸರಿನಲ್ಲಿ ಸತ್ಯ ಹೊತ್ತವರಿಗೆ ನಾಲಿಗೆಯ ಮೇಲೆ ಅದು ಭಾರವಾಗಿತ್ತು.

ಹಾಗಾದರೆ ಇದು ಆಕಾಶದಿಂದ ಬಿತ್ತೇ ಎಂದು ಪಿಂಟೋ ಕೇಳಿದರು. ಪಟ್ಟಿ ತಡವಾಗಿದೆ, ನಾಳೆಯಿಂದ ಅವಳು ಪ್ಯಾಕಿಂಗಿಗೆ ಹೋಗಲಿ ಎಂದು ಹೇಳಿ ಅವರು ಕರವಸ್ತ್ರ ಮಡಿಸಿದರು.

ಸಂಜೆ ಸ್ಟೇಷನ್ನಿನ ದಾರಿಯಲ್ಲಿ ಸತ್ಯಮೂರ್ತಿಗಳು ಸೇವಂತಿಯ ಹೆಜ್ಜೆಗೆ ಹೆಜ್ಜೆ ಸೇರಿಸಿ ಸಮಾಧಾನದ ಮಾತು ಶುರುಮಾಡಿದರು. ಪ್ಯಾಕಿಂಗಿನಲ್ಲೂ ಒಳ್ಳೆ ಜನ ಇದ್ದಾರೆ, ಸ್ವಲ್ಪ ದಿನ ಕಳೆಯಲಿ, ನಾನು ಸಾಹೇಬರ ಹತ್ತಿರ ಸಮಯ ನೋಡಿ ಹೇಳುತ್ತೇನೆ, ಹೀಗೆ. ಅವಳು ಭಾಜಿ ಮಾರುಕಟ್ಟೆಯವರೆಗೂ ಕೇಳಿಸಿಕೊಂಡಳು.

“ಅದು ಅಕ್ಷತಿ ಅಂತ ನನಗ ಗೊತ್ತದರೀ ಕಾಕಾ,” ಎಂದಳು. “ನಮ್ಮನ್ಯಾಗೂ ಮದುವಿ ಆಗ್ಯಾವ. ಯಾರ ಕಿಸೆದಾಗಿಂದ ಬಂತು ಅನ್ನೂದೂ ಗೊತ್ತದ. ನಿಮ್ಮ ಅಂಗಿ ಕಿಸೇಕ ಇನ್ನೂ ಅರಿಶಿಣ ಹತ್ತೇದ.”

“ಮತ್ತೆ ಅಲ್ಲೇ ಹೇಳಬಹುದಿತ್ತಲ್ಲಮ್ಮ.”

“ನಾ ಹೇಳಿದ್ರ ಚಾಡಿ ಆಗ್ತದ. ನೀವ್ ಹೇಳ್ತೀರಿ ಅಂತ ನಿಂತಿದ್ದೆ.”

ಇಷ್ಟು ಹೇಳಿ ಅವಳು ಮೆಂತ್ಯದ ಕಟ್ಟಿನ ಚೌಕಾಶಿಗೆ ತಿರುಗಿದಳು. ಸತ್ಯಮೂರ್ತಿಗಳಿಗೆ ಅಂದು ದಾದರ್ ಸೇತುವೆಯ ಮೇಲೆ ಯಾರ ಛತ್ರಿ ತಾಗಿತೋ, ಯಾರ ಚೀಲ ತಾಗಿತೋ ಒಂದೂ ತಿಳಿಯಲಿಲ್ಲ. ಮನೆಯಲ್ಲಿ ವಿಮಲಾ ಯಾಕೆ ಊಟ ಸೇರುತ್ತಿಲ್ಲ ಎಂದು ಕೇಳಿದಾಗ, ಅನ್ನ ನೋಡಿದರೆ ಆಗುತ್ತಿಲ್ಲ ಎಂದರು. ಅದು ಅಕ್ಷರಶಃ ನಿಜ.

ಬೆಳಿಗ್ಗೆ ಪಿಂಟೋ ಕ್ಯಾಬಿನ್ನಿಗೆ ಕಾಲಿಟ್ಟದ್ದೇ ಇವರು ಹಿಂದೆಯೇ ಹೋದರು. ಹೇಳಬೇಕೆಂದುಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಕೈಕೊಟ್ಟವು. ಅಕ್ಷತೆ ಹಾಕಿದ್ದು, ಪಿನ್ ಚುಚ್ಚಿದ್ದು, ಬಾಯಿ ಮುಚ್ಚಿಕೊಂಡದ್ದು, ಮೂರನ್ನೂ ಹಿಂದಿಯಲ್ಲಿ ಒದರಿಬಿಟ್ಟರು. ಪಿಂಟೋ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಪಾದ್ರಿಯ ಮುಂದೆ ಕನ್ಫೆಷನ್ ಹೇಳಿ ಅಭ್ಯಾಸವಿತ್ತು, ಕೇಳಿ ಅಭ್ಯಾಸವಿರಲಿಲ್ಲ. ಮೊದಲು ನಕ್ಕರು. ಯಂತ್ರಕ್ಕೆ ಆಶೀರ್ವಾದ ಮಾಡಲು ಹೋಗಿದ್ದಿರಾ ಎಂದರು. ಆಮೇಲೆ ನಗು ನಿಲ್ಲಿಸಿ ಒಂದೇ ಮಾತು ಕೇಳಿದರು.

“ನಿನ್ನೆ ಆ ಹುಡುಗಿ ನಿಮ್ಮ ಮುಖ ನೋಡಿದಾಗ ಯಾಕೆ ಹೇಳಲಿಲ್ಲ?”

ಬೈದಿದ್ದರೆ ಸತ್ಯಮೂರ್ತಿಗಳು ತಲೆ ತಗ್ಗಿಸಿ ಹಗುರಾಗುತ್ತಿದ್ದರು. ಪಿಂಟೋ ಬೈಯಲಿಲ್ಲ. ಸೇವಂತಿಯನ್ನು ಪ್ಯಾಕಿಂಗಿನಿಂದ ಕರೆಸಿ, ತಪ್ಪು ತಿಳಿದಿದ್ದೆ ಎಂದು ಅವಳಿಗೆ ತಾವೇ ಹೇಳಿದರು. ಪಟ್ಟಿ ಇವತ್ತೇ ಮುಗಿಯಬೇಕು, ಅಂಕಿಗಳನ್ನು ಸತ್ಯಮೂರ್ತಿ ಓದಿ ಹೇಳಲಿ ಎಂದರು.

ತಂಪು ಕೋಣೆಯಲ್ಲಿ ಇಬ್ಬರೂ ಕೂತರು. ಸೇವಂತಿ ಕೆಳಬಾಣ ಒತ್ತಿದಳು. ಕರ್ಸರ್ ಒಂದು ಸಾಲು ಇಳಿದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತಿತು. ಸತ್ಯಮೂರ್ತಿಗಳು, ನೋಡಮ್ಮ, ನಿನ್ನೆ ನಾನು, ಎಂದು ಆರಂಭಿಸಿದರು. ಅವಳ ಕಣ್ಣು ಪರದೆಯ ಮೇಲೆಯೇ ಇತ್ತು.

“ಸಾಲು ಓದ್ರೀ,” ಎಂದಳು.

ಅವರು ಓದಿದರು. ಮೂರು ಲೀಟರಿನ ಗ್ಯಾಸ್ಕೆಟ್ಟು, ಐದು ಲೀಟರಿನದು, ಕಪ್ಪು, ಬಿಳಿ. ಪ್ರತಿ ಸಾಲಿನ ಕೊನೆಗೆ ಅವರು ಸ್ವಲ್ಪ ತಡೆದು ಅವಳ ಮುಖ ನೋಡುವರು.

“ಮುಂದ,” ಎನ್ನುವಳು ಸೇವಂತಿ.