ಹೆಸರು ಕರೆಯದ ದಮಾಮಿ

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಿಂದ ನಾನು ಹೊತ್ತು ತಂದದ್ದು ನೆನಪನ್ನು ನಂಬಬಾರದೆಂಬ ಚಾಳಿಯೊಂದನ್ನೇ. ಆಗ ನಾನು ನಾಲ್ಕನೆಯ ಇಯತ್ತೆಯೋ ಐದನೆಯದೋ. ಟೇಪ್ ರೆಕಾರ್ಡರ್ ಇದ್ದ ಮನೆಗೆ ಊರೇ ಬಂದು ಕೂರುತ್ತಿದ್ದ ಕಾಲ. ಹಳಿಯಾಳದ ಕಡೆಯ ನಮ್ಮ ಸಿದ್ದಿ ಕೇರಿಯಲ್ಲಿ ಉಳಿದ ಹುಡುಗರು ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದರೆ ನಾನು ದಮಾಮಿ ಕ್ಯಾಸೆಟ್ ಕೂಡಿಡುತ್ತಿದ್ದೆ.

ದಮಾಮಿ ಎಂದರೆ ಎರಡೂ ಬದಿಗೆ ಚರ್ಮ ಬಿಗಿದ ನಮ್ಮ ವಾದ್ಯ. ಅದರ ಕುಣಿತಕ್ಕೂ ಅದೇ ಹೆಸರು. ಅಂಗಡಿಗಳಲ್ಲಿ ಸಿನಿಮಾ ಹಾಡು, ಭಜನೆ ಸಿಗುತ್ತಿದ್ದವು, ಇದು ಮಾತ್ರ ಸಿಗುತ್ತಿರಲಿಲ್ಲ. ದಾಂಡೇಲಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಯಾಕೂಬ್ ಚಾಚಾ ನಮ್ಮ ಮದುವೆಗಳಿಗೆ ಮಷೀನು ಹೊತ್ತು ಬಂದು, ಹಾಡು ತುಂಬಿಕೊಂಡು, ಪ್ರತಿ ಮಾಡಿ ಮಾರುತ್ತಿದ್ದರು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಊರಿನ ಹೆಸರು, ಕೆಳಗೊಂದು ಹೂವು. ಸೀಗೆಕಾಯಿ ಆರಿಸಿದ್ದಕ್ಕೆ ಅವ್ವ ಕೊಟ್ಟ ಚಿಲ್ಲರೆಯೆಲ್ಲ ಅಲ್ಲಿಗೇ ಹೋಗುತ್ತಿತ್ತು.

“ಏ ಬೇಟಾ, ಕೇಳಾಕ ಒಯ್ತೀಯೋ, ಗ್ವಾಡೀಗ ಜೋಡಸಾಕ ಒಯ್ತೀಯೋ?” ಎಂದು ಚಾಚಾ ಕೇಳುತ್ತಿದ್ದರು.

“ಎರಡಕ್ಕೂ, ಚಾಚಾ.”

“ಹಂಗಾರ ಇದನ್ನ ಒಯ್ಯಿ. ನಿಮ್ಮತ್ತಿ ದನಿಗೆ ನನ್ನ ಮಷೀನಿನ ಮುಳ್ಳು ಕೆಂಪಿಗೆ ಹೋಗಿ ಕುಂತಬಿಟ್ಟೈತಿ!”

ಅಪ್ಪನ ತಂಗಿ ಕತ್ರಿನತ್ತೆ ನಮ್ಮ ಕೇರಿಯ ಮುಖ್ಯ ಹಾಡುಗಾರ್ತಿ. ದಮಾಮಿಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ಏಳುವ ಕಮಟು ವಾಸನೆ, ಕೆಂಪಿರುವೆ ಚಟ್ನಿಯ ಹುಳಿ, ಇವೆರಡೂ ಅವಳ ದನಿಯ ಜೊತೆಗೇ ನನ್ನಲ್ಲಿ ಉಳಿದಿವೆ. ಹಾಡಿಗೆ ಮೊದಲು ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು, ಅವರು ಓಗೊಡಬೇಕು. ಕರೆಯದೆ ಯಾರೂ ದಮಾಮಿ ಮುಟ್ಟುವಂತಿರಲಿಲ್ಲ.

“ಲೇ ಇನಾಸ, ಬಂದೀಯೇನಲೇ?”

“ಬಂದೇನಿ ಅಕ್ಕಾ!”

“ಕೈ ಯಾಕ ನಡಗಾಕತ್ತಾವು? ಹೆಂಡ್ತಿ ಕಡೆ ಹೊಡಸ್ಕೊಂಡ ಬಂದಿಯೇನು?”

ಎಲ್ಲರೂ ನಗುತ್ತಿದ್ದರು. ಕೊನೆಗೆ ಇನಾಸ ಕಾಕಾ ತಿರುಗಿ ಕೇಳುತ್ತಿದ್ದ: “ಕತ್ರಿನಕ್ಕಾ, ನೀ ಬಂದಿಯೇನು?” ಅತ್ತೆ “ಬಂದೇನಿ!” ಎಂದು ಕೂಗಿದ ಮೇಲೆಯೇ ಮೊದಲ ಪೆಟ್ಟು.

ಆ ಬೇಸಿಗೆಯಲ್ಲಿ ಪಟ್ಟಣದಿಂದೊಬ್ಬ ಬಂದ. ಒಳ್ಳೆಯ ಆಲ್ಬಂ ಮಾಡುತ್ತೇನೆ, ಎಲ್ಲರ ಹೆಸರೂ ಹಾಕುತ್ತೇನೆ ಎಂದ. ಚಾಚಾ ನಂಬಿ ಮೂಲ ಕ್ಯಾಸೆಟ್ಟುಗಳನ್ನೇ ಕೊಟ್ಟುಬಿಟ್ಟರು. ಅವು ಹಿಂದಿರುಗಲಿಲ್ಲ. ಎಷ್ಟೋ ಕಾಲದ ಮೇಲೆ ಸಿ.ಡಿ. ಬಂತು. ಹೊದಿಕೆಯ ಮೇಲೆ ಸೊಂಟಕ್ಕೆ ಎಲೆ ಸುತ್ತಿಕೊಂಡ ಯಾರದೋ ಚಿತ್ರ. ಹಾಡಿದ ದಿನ ಅತ್ತೆ ಉಟ್ಟಿದ್ದದ್ದು ಇಳಕಲ್ ಸೀರೆ! ಕೆಳಗೆ ‘ಕಾಡಿನ ಕುಣಿತ, ಹಾಡಿದವರು ಅಜ್ಞಾತರು’ ಎಂದು ಅಚ್ಚಾಗಿತ್ತು. ಹಾಕಿದರೆ ನೇರ ದಮಾಮಿಯ ಪೆಟ್ಟೇ ಶುರು.

ಅತ್ತೆ ಕೈಯಲ್ಲಿದ್ದ ಅಕ್ಕಿಮೊರ ಕೆಳಗಿಟ್ಟಳು. “ಇವರ್ನ ಯಾರು ಕರದ್ರು?” ಎಂದಳು. “ಕರೀದನ ಬಂದು ಬಾರಸಾಕತ್ತಾರ. ಇವರು ನಮ್ಮ ಮಂದಿ ಅಲ್ಲ, ಬಂದ್ ಮಾಡು.”

ಚಾಚಾ ಆಲ್ಬಂ ಮಾಡಿದವರಿಗೆ ಫೋನು ಮಾಡಿ ವಿಚಾರಿಸಿದರು. ಹೆಸರು ಕರೆಯುವುದು ಮೈಕ್ ಟೆಸ್ಟಿಂಗ್ ಇರಬೇಕೆಂದು ಕತ್ತರಿಸಿದೆವು ಎಂದರಂತೆ. ಮೈಕ್ ಟೆಸ್ಟಿಂಗ್! ಹೆಸರು ಹೇಳಿಕೊಂಡವರ ಹೆಸರನ್ನೇ ಕತ್ತರಿಸಿ, ಆಮೇಲೆ ಅವರನ್ನು ಅಜ್ಞಾತರೆಂದು ಕರೆಯುವುದು ಎಂಥ ವಿದ್ಯೆ?

ಅತ್ತೆ ಈಗಿಲ್ಲ. ನನ್ನ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಸುರುಳಿಗಳೆಲ್ಲ ಅಂಟಿಕೊಂಡವು. ಅದೇ ಆಲ್ಬಂ ಈಗ ದೊಡ್ಡ ಕಪ್ಪು ಗ್ರಾಮಫೋನ್ ತಟ್ಟೆಯಾಗಿ ವಿದೇಶದಲ್ಲಿ ಮಾರಾಟವಾಗುತ್ತದೆ. ಸಂಗ್ರಾಹಕರು ಅಪರೂಪದ್ದೆಂದು ಮುಗಿಬೀಳುತ್ತಾರೆ. ಅದು ಅವರ ಪಾಡು. ನನಗೆ ಮೈ ಉರಿಯುವುದು ನಮ್ಮವರನ್ನೇ ಕಂಡಾಗ. ಮುಂಡಗೋಡದಲ್ಲಿ ವೇದಿಕೆ ಹತ್ತಿದ ನಮ್ಮ ಹುಡುಗರು ನೇರ ಪೆಟ್ಟಿನಿಂದಲೇ ಶುರು ಮಾಡಿದರು. ಯಾಕೆಂದು ಕೇಳಿದರೆ, “ಆಲ್ಬಂನ್ಯಾಗ ಹಂಗ ಐತಿ ಅಲ್ರೀ ಅಣ್ಣಾ” ಎಂದರು. ಈಗ ಯಾರ ಹೆಸರನ್ನೂ ಯಾರೂ ಕರೆಯುವುದಿಲ್ಲ.

ಹೆಸರು ಕರೆದದ್ದನ್ನು ಕತ್ತರಿಸಿದ್ದೀರಿ, ಹಾಡಿದವರ ಹೆಸರು ಹಾಕಿ ಎಂದು ಆಲ್ಬಂ ಮಾರುವ ಕಂಪನಿಗೆ ಬರೆದೆ. ಪುರಾವೆ ಇದೆಯೇ ಎಂದು ಕೇಳಿದರು. ನಾಚಿಕೆಗೇಡೆಂದರೆ ನನಗೂ ಅದೇ ಅನುಮಾನ ಹತ್ತಿತು. ಹೆಸರು ಕರೆದದ್ದನ್ನು ನಾನು ಕೇಳಿದ್ದು ಅಂಗಳದಲ್ಲೋ, ಕ್ಯಾಸೆಟ್ಟಿನಲ್ಲೋ? ‘ಕತ್ತರಿಸಿದೆವು’ ಎಂದದ್ದೂ ಚಾಚಾ ಹೇಳಿ ಕೇಳಿದ್ದಷ್ಟೇ; ಅವರು ಮಷೀನು ಒತ್ತಿದ್ದೇ ಹಾಡು ಶುರುವಾದ ಮೇಲಿರಬಹುದಲ್ಲ?

ಕೊನೆಗೆ ಮುಂಡಗೋಡದ ಹತ್ತಿರದ ಇಂದೂರಿನ ಲಾರಿ ಚಾಲಕರೊಬ್ಬರ ಮನೆಯಲ್ಲಿ, ಚಾಚಾ ಆಗ ಮಾರಿದ್ದ ಅದೇ ಹಾಡಿನ ಕ್ಯಾಸೆಟ್ಟಿನ ಪ್ರತಿ ಸಿಕ್ಕಿತು. ಅದನ್ನೂ ಆಲ್ಬಮ್ಮನ್ನೂ ಒಂದರ ಪಕ್ಕ ಒಂದಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ ಮತ್ತೆ ಮತ್ತೆ ಕೇಳಿದೆ. ಕ್ಯಾಸೆಟ್ಟಿನಲ್ಲಿ ಎಲ್ಲರ ಹೆಸರೂ ಇವೆ. ಆಲ್ಬಂ ಕತ್ತರಿಸಿದವನ ಕೈ ಕೊಂಚ ಮೊದಲೇ ನಿಂತಿದೆ: ಮಾರಾಟಕ್ಕಿರುವ ಆ ಆಲ್ಬಮ್ಮಿನಲ್ಲಿ, ಮೊದಲ ಪೆಟ್ಟಿಗೂ ಮುಂಚೆ, ಅತ್ತೆಯ “ಬಂದೇನಿ”ಯ ಕೊನೆಯ “ನಿ” ಉಳಿದುಕೊಂಡಿದೆ.