ಮೋಹನದಾಸನ ಪೆಟ್ಟಿಗೆ ಬಿಚ್ಚಿಸಿದವಳು

ನನ್ನ ಹೆಂಡತಿ ಅಗಾತಾ ಹಟ ಹಿಡಿದರೆ ದೇವರೂ ದಾರಿ ಬಿಡಬೇಕು. ಅಬುಧಾಬಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಅವಳು ನರ್ಸ್. ಸ್ಟೆಂಟ್ ಹಾಕಿಸಿಕೊಂಡ ನಮ್ಮ ಊರ ಕಡೆಯ ಕೆಲಸಗಾರರು ನೋವು ಹೋದ ಕೂಡಲೇ ಮಾತ್ರೆಗೂ ಖಲಾಸ್ ಹೇಳುತ್ತಾರೆ. ವಾರ್ಡಿನಲ್ಲಿ ಅರಬಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸಿ ಬಂದಿರುತ್ತಾರೆ, ಅಷ್ಟೆ. ಅದಕ್ಕೇ ಅಗಾತಾ ರಜೆಯ ಶುಕ್ರವಾರ ಮುಸಫ್ಫಾದ ಕಾರ್ಮಿಕರ ಕ್ಯಾಂಪುಗಳಿಗೆ ಹೋಗಿ, ತುಳುವಿನಲ್ಲಿ, ಕನ್ನಡದಲ್ಲಿ ಅವರನ್ನು ಗದರಿಸಿ ಬರುತ್ತಿದ್ದಳು. ಕಾರು ಓಡಿಸಲು ಲಿಯೊನೆಲ್ ಎಂಬ ಈ ಬಡಪಾಯಿ. ಮಧ್ಯಾಹ್ನದ ನನ್ನ ನಿದ್ದೆಗೆ ಎಳ್ಳುನೀರು ಬಿಟ್ಟಾಗಿತ್ತು.

೨೦೦೪ರಲ್ಲಿ ಒಮ್ಮೆ ವೆಲ್ಡರ್ ಮೋಹನದಾಸನ ಕೋಣೆಗೆ ಹೋದೆವು. ಕಾರ್ಕಳದ ಕಡೆಯವನು, ನಮಗಿಂತ ಚಿಕ್ಕವನು. ಸ್ಟೆಂಟ್ ಹಾಕಿ ತಿಂಗಳೆರಡಾಗಿತ್ತು. ಮುಂದಿನ ವಾರ ಊರಿಗೆ ಹೊರಟಿದ್ದ. ಮಂಚದ ಪಕ್ಕ ನೈಲಾನ್ ಹಗ್ಗ ಬಿಗಿದು ಹೆಸರು ಬರೆದ ರಟ್ಟಿನ ಪೆಟ್ಟಿಗೆ ಸಿದ್ಧವಾಗಿತ್ತು. ಮನುಷ್ಯನ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಮದ್ದು ತಗೊಳ್ತಿದ್ದೀಯಾ?"

"ಹೌದು ಸಿಸ್ಟರ್, ದಿನಾ."

"ಮಾತ್ರೆಯ ಖಾಲಿ ಪಟ್ಟಿ ತೋರಿಸು."

"ಬಿಸಾಡಿದೆ."

"ಉಳಿದದ್ದು?"

ಅವನ ಕಣ್ಣು ಪೆಟ್ಟಿಗೆಯ ಕಡೆ ಹೋಯಿತು. ಅಗಾತಾಳಿಗೆ ಅಷ್ಟು ಸಾಕಾಯಿತು.

"ಬಿಚ್ಚು."

ಗಲ್ಫಿನಲ್ಲಿ ದುಡಿದವರಿಗೆ ಗೊತ್ತು, ಊರಿಗೆಂದು ಕಟ್ಟಿದ ಪೆಟ್ಟಿಗೆ ಬಿಚ್ಚು ಅನ್ನುವುದು ಉಟ್ಟ ಬಟ್ಟೆ ಬಿಚ್ಚು ಅಂದ ಹಾಗೆ. ತೂಕ ನೋಡಿ, ಕೋಣೆಯವರೆಲ್ಲ ಸೇರಿ, ಮೊಣಕಾಲೂರಿ ಬಿಗಿದ ಹಗ್ಗ ಅದು. ನನಗೇ ನಾಚಿಕೆಯಾಗಿ "ಬಿಡು ಮಾರಾಯ್ತಿ" ಅಂದೆ. ಅವಳು ನನ್ನತ್ತ ತಿರುಗಲೂ ಇಲ್ಲ. ಚೀಲದಿಂದ ಕತ್ತರಿ ತೆಗೆದು ಅವನ ಕೈಗೇ ಕೊಟ್ಟಳು.

ಟ್ಯಾಂಗ್ ಡಬ್ಬಿ, ಕಂಬಳಿ, ನೋವಿನ ಮುಲಾಮು, ಎಲ್ಲದರ ಅಡಿಯಲ್ಲಿ ಒಂದು ಹೊಸ ಸೀರೆ. ಅದರ ಮಡಿಕೆಯೊಳಗೆ ಮಾತ್ರೆಯ ಪಟ್ಟಿಗಳಿದ್ದವು.

"ಅಮ್ಮಣ್ಣಿ ಅಕ್ಕನಿಗೆ," ಅಂದ ಮೋಹನದಾಸ್. "ಅವಳಿಗೂ ಎದೆನೋವು. ಊರಿನ ಮದ್ದು ನಾಟುದಿಲ್ಲ. ಇದು ಗಲ್ಫಿನದ್ದಲ್ವಾ, ಪವರ್ ಇರ್ತದೆ. ನನಗೆ ಹೇಗೂ ಒಳಗೆ ಸ್ಪ್ರಿಂಗ್ ಹಾಕಿದ್ದಾರೆ."

ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಆ ಅಕ್ಕ. ನಾನಂತೂ ಕರಗಿದೆ. ಅಗಾತಾ ಕರಗುವ ಪೈಕಿಯಲ್ಲ.

"ಆ ಸ್ಪ್ರಿಂಗಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಲಿಕ್ಕೇ ಈ ಮದ್ದು. ಬಿಟ್ರೆ ವಿಮಾನದಲ್ಲೇ ಜೀವ ಹೋದೀತು. ಈಗಲೇ ಆಸ್ಪತ್ರೆಗೆ ಹೋಗುವಾ, ಡಾಕ್ಟ್ರು ನೋಡ್ಲಿ. ಮೊದಲು ಅಕ್ಕನ ನಂಬರ್ ಹೇಳು."

"ಅವಳಿಗೆ ಹೇಳ್ಬೇಡಿ ಸಿಸ್ಟರ್!"

ಕೇಳುವವರು ಯಾರು? ಅಷ್ಟರಲ್ಲಿ ಅವಳು ಅವನ ಮೊಬೈಲಿನಲ್ಲೇ ನಂಬರ್ ಹುಡುಕಿ ಒತ್ತಿಯಾಗಿತ್ತು.

"ಅಕ್ಕಾ, ನಿಮ್ಮ ತಮ್ಮ ತಾನು ನುಂಗಬೇಕಾದ ಮದ್ದನ್ನು ನಿಮಗೆ ಕಟ್ಟಿ ತರ್ತಿದ್ದಾನೆ. ನಿಮಗೆ ಬೇಕಾದ್ದನ್ನು ಅಲ್ಲಿನ ಡಾಕ್ಟ್ರ ಹತ್ರ ಕೇಳಿ. ಇದು ಇವನ ಜೀವದ್ದು."

ಆ ಕಡೆಯಿಂದ ಕೋಣೆಗೆಲ್ಲ ಕೇಳುವಂತೆ ಅಕ್ಕನ ಮುದಿ ದನಿ ಬಂತು.

"ಮೋನಾ, ಈಗ ನುಂಗು. ನೀರು ಕುಡಿಯುವ ಶಬ್ದ ನನಗೆ ಕೇಳ್ಬೇಕು."

ಮೋಹನದಾಸ್ ಮಾತ್ರೆ ಬಾಯಿಗೆ ಹಾಕಿ ಅಳುತ್ತಲೇ ನೀರು ಕುಡಿದ. ಅಗಾತಾ ಫೋನನ್ನು ಅವನ ಗಂಟಲ ಹತ್ತಿರ ಹಿಡಿದಿದ್ದಳು.